ಗಿರಣಿ ಹೋದ ಮೇಲೆ ಬೋಣಿ ಯಾರದು

ಊರಿನ ಹೆಸರು ಹೇಳುವುದಿಲ್ಲ. ರಬಕವಿ-ಬನಹಟ್ಟಿ ಕಡೆಯ ನೇಕಾರರ ಊರು ಅಂದರೆ ಸಾಕು. ಆ ಕಡೆಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ. ನಾನು ಅಲ್ಲಿಯ ಪುರಸಭೆಯಲ್ಲಿ ಬಿಲ್ ಕಲೆಕ್ಟರ್. ಮನೆಪಟ್ಟಿ, ನೀರುಪಟ್ಟಿ ವಸೂಲಿ ಮಾಡುವುದು ನನ್ನ ಕೆಲಸ. ತೆರಿಗೆ ಅನ್ನುವ ಮಾತು ಕಾಗದದ ಮೇಲಿನದು, ನಮ್ಮಲ್ಲಿ ಎಲ್ಲರೂ ಪಟ್ಟಿ ಅನ್ನುತ್ತಾರೆ. ನನ್ನನ್ನು ಎದುರಿಗೆ ‘ಪಟ್ಟಿ ಅಕ್ಕಾರು’ ಅನ್ನುತ್ತಾರೆ, ಬೆನ್ನ ಹಿಂದೆ ಬೇರೆ ಏನೇನೋ ಅನ್ನುತ್ತಾರೆ. ಅನ್ನಲಿ. ಬಾಯಿ ಜೋರಿಲ್ಲದವಳು ಈ ಕೆಲಸದಲ್ಲಿ ಮೂರು ದಿನ ಬಾಳುವುದಿಲ್ಲ. "ಮನ್ಯಾಗ ಯಾರೂ ಇಲ್ಲರೀ" ಅಂತ ಒಳಗಿನಿಂದ ತಾವೇ ಕೂಗಿ ಹೇಳುವ ಗಂಡಸರನ್ನು ನಾನು ಕಂಡಿದ್ದೇನೆ.

ಕೆಲಸಕ್ಕೆ ಸೇರಿದ ವರ್ಷದ ಏಪ್ರಿಲ್ ಒಂದನೆಯ ತಾರೀಕು ಇನ್ನೂ ಕಣ್ಣ ಮುಂದಿದೆ. ಹೊಸ ಪಾವತಿ ಪುಸ್ತಕಕ್ಕೆ, ಅಂದರೆ ರಸೀದಿ ಪುಸ್ತಕಕ್ಕೆ, ಅರಿಸಿನ ಕುಂಕುಮ ಹಚ್ಚಿ ಕಿಟಕಿಯ ಮುಂದೆ ಕೂತಿದ್ದೆ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಸ್ವಲ್ಪ ರಿಯಾಯಿತಿ ಇರುತ್ತದೆ, ಹಾಗಾಗಿ ಬೆಳಿಗ್ಗೆಯೇ ಹತ್ತಾರು ಜನ ಬಂದಿದ್ದರು. ಆದರೆ ಒಬ್ಬರೂ ಕಿಟಕಿಯ ಹತ್ತಿರ ಬರುವವರಲ್ಲ. ಎಲ್ಲರೂ ಬೇವಿನ ಗಿಡದ ಕೆಳಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದಾರೆ. ಮುಂದೆ ಕೂತಿದ್ದ ಒಬ್ಬ ಹಿರಿಯರನ್ನು ಕರೆದೆ.

"ಅಜ್ಜಾರ, ಬರ್ರಿ, ಪಾವತಿ ಬರಕೊಡತೀನಿ."

"ತಡೀ ತಂಗಿ," ಅಂದರು ಅವರು. "ಗಿರಣಿದು ಆಗಲಿ."

ಆಗ ತಿಳಿಯಿತು ನನಗೆ. ನಮ್ಮೂರಲ್ಲಿ ವರ್ಷದ ಮೊದಲ ಪಾವತಿ ನೂಲಿನ ಗಿರಣಿಯದೇ ಆಗಬೇಕು. ಅಂಗಡಿಯಲ್ಲಿ ಮೊದಲ ಗಿರಾಕಿಯಿಂದ ಬೋಣಿ ಆದ ಮೇಲೆ ವ್ಯಾಪಾರ ಕುದುರುವಂತೆ, ಪುರಸಭೆಗೂ ಗಿರಣಿಯ ಕೈಯಿಂದಲೇ ಬೋಣಿ. ಗಿರಣಿಗಿಂತ ಮುಂಚೆ ಯಾರಾದರೂ ಕಟ್ಟಿದರೆ, ಆ ವರ್ಷ ಊರ ಮೇಲೆ ಬೀಳುವ ಎಲ್ಲ ಹೆಚ್ಚಳವೂ ಅವರ ತಲೆಯ ಮೇಲೆ ಬೀಳುತ್ತದೆ ಅಂತ ನಂಬಿಕೆ. ಯಾವ ಕಾಲದಲ್ಲೋ ಒಬ್ಬ ಸಾವುಕಾರ ಅವಸರ ಮಾಡಿ ಮೊದಲು ಕಟ್ಟಿದನಂತೆ, ಆ ಮಳೆಗಾಲದಲ್ಲಿ ಅವನ ಗೋಡೆ ಬಿತ್ತಂತೆ. ಗೋಡೆ ಮಣ್ಣಿನದಿತ್ತು, ಮಳೆಗೆ ಬಿತ್ತು. ಆದರೆ ಅದನ್ನು ಯಾರಿಗೆ ಹೇಳುವುದು?

ಹನ್ನೊಂದರ ಸುಮಾರಿಗೆ ಗಿರಣಿಯ ಜೀಪು ಬಂತು. ಮ್ಯಾನೇಜರ ಸಾಹೇಬರು ಇಳಿದರು, ಅವರ ಹಿಂದೆ ಒಬ್ಬ ಕಾರಕೂನ, ಅವನ ಕೈಯಲ್ಲಿ ತೆಂಗಿನಕಾಯಿ ಮತ್ತು ಫೇಡೆಯ ಡಬ್ಬಿ. ನಾನು ಒಂದನೆಯ ನಂಬರಿನ ಪಾವತಿ ಹರಿದು ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಹೊಸ್ತಿಲಲ್ಲಿ ಕಾಯಿ ಒಡೆದದ್ದೇ ತಡ, ಗಿಡದ ಕೆಳಗಿನವರೆಲ್ಲ ಎದ್ದು ಸಾಲು ಹಿಡಿದರು. ಅವತ್ತು ಮಧ್ಯಾಹ್ನದ ರೊಟ್ಟಿ ತಿನ್ನಲೂ ನನಗೆ ಪುರುಸೊತ್ತಾಗಲಿಲ್ಲ.

ಗಿರಣಿಗೆ ಆ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಊರಿನ ಅಷ್ಟೂ ಮನೆಗಳ ಪಟ್ಟಿಯನ್ನು ತಕ್ಕಡಿಯ ಒಂದು ಕಡೆ, ಗಿರಣಿಯದನ್ನು ಇನ್ನೊಂದು ಕಡೆ ಇಟ್ಟರೆ ಮುಳ್ಳು ಅಲುಗಾಡುತ್ತಿರಲಿಲ್ಲ. ಕಸ ಗುಡಿಸುವವರ ಪಗಾರ, ಬೀದಿ ದೀಪ, ಹಿಪ್ಪರಗಿಯ ಕಡೆಯಿಂದ ಬರುವ ನೀರಿನ ಮೋಟಾರಿನ ಖರ್ಚು, ಎಲ್ಲ ಅದರ ಮೇಲೆ ನಡೆಯುತ್ತಿತ್ತು. ಅದಕ್ಕೇ ನಮ್ಮ ಮನೆಗಳ ಪಟ್ಟಿ ಜಮಖಂಡಿ, ಮುಧೋಳದವರು ಕೇಳಿದರೆ ನಗುವಷ್ಟು ಕಡಿಮೆ. ಬೀಳಗಿಗೆ ಮದುವೆಯಾಗಿ ಹೋದ ನನ್ನ ಗೆಳತಿ ತವರಿಗೆ ಬಂದಾಗೆಲ್ಲ, "ನಿಮ್ಮೂರಾಗ ಪಟ್ಟಿ ಕಟ್ಟತೀರೋ, ಗುಡಿ ಹುಂಡಿಗೆ ಹಾಕತೀರೋ" ಅಂತ ಚಾಷ್ಟಿ ಮಾಡುತ್ತಿದ್ದಳು.

ನನಗೆ ಗಿರಣಿ ಅಂದರೆ ಪಟ್ಟಿಗಿಂತ ಮುಂಚೆ ನೆನಪಾಗುವುದು ಅಪ್ಪ. ಅವನು ಅಲ್ಲಿಯ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದ. ಪಾಳಿಯ ಹೊತ್ತಿಗೆ ಭೋಂಗಾ, ಅಂದರೆ ಗಿರಣಿಯ ಸೈರನ್, ಊದುವುದು ಅವನದೇ ಕೆಲಸ. ಗಿರಣಿಯ ಆವರಣ ಊರಿನ ಕಾಲು ಭಾಗದಷ್ಟಿತ್ತು. ಗೇಟಿನಿಂದ ಒಳಗೆ ಎರಡೂ ಕಡೆ ಬೇವಿನ ಗಿಡಗಳು, ಕೆಲಸಗಾರರ ಮನೆಗಳ ಸಾಲು, ಗೆಸ್ಟ್ ಹೌಸಿನ ಮುಂದೆ ದಾಸವಾಳದ ತೋಟ, ಎಲ್ಲಕ್ಕಿಂತ ಮೇಲೆ ಆ ಚಿಮಣಿ. ಆಗಸ್ಟ್ ಹದಿನೈದಕ್ಕೆ ಗೇಟು ತೆಗೆದು ಎಲ್ಲ ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ಒಂದು ಬುಂದಿ ಉಂಡೆ, ಒಂದು ಪೆನ್ಸಿಲ್. ನಾನು ಉಂಡೆಯನ್ನು ಅಲ್ಲೇ ತಿಂದು, ಅಪ್ಪನ ಹೆಸರು ಹೇಳಿ ಇನ್ನೊಂದು ಇಸಿದುಕೊಳ್ಳುತ್ತಿದ್ದೆ. ಅಪ್ಪ ಒಂದು ಸಲ ನನ್ನನ್ನು ಎತ್ತಿ ಭೋಂಗಾದ ಸರಪಳಿ ಜಗ್ಗಿಸಿದ್ದ. ಇಡೀ ಊರಿಗೆ ನಾನು ಮಧ್ಯಾಹ್ನ ಮಾಡಿದೆ ಅಂತ ವಾರಗಟ್ಟಲೆ ಶಾಲೆಯಲ್ಲಿ ಮೆರೆದಿದ್ದೆ.

ಅಪ್ಪ ಬೆಳಗಿನ ಭೋಂಗಾ ಊದಿದ ಕೂಡಲೇ ಮನೆಯಲ್ಲಿ ಅವ್ವ ಲಾಳಿ ಒಗೆಯುತ್ತಿದ್ದಳು. ಅವ್ವನದು ಕುಣಿಮಗ್ಗ. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ. ಓಣಿಯಲ್ಲಿ ಎಲ್ಲರ ಮನೆಯಲ್ಲೂ ಮೊದಲು ಅದೇ ಇತ್ತು. ಆಮೇಲೆ ಒಬ್ಬೊಬ್ಬರಾಗಿ ಕುಣಿ ಮುಚ್ಚಿಸಿ ಕರೆಂಟಿನ ಮಗ್ಗ ಹಾಕಿಸಿದರು. ಅವ್ವ ಹಾಕಿಸಲಿಲ್ಲ. ಕರೆಂಟಿನ ಮಗ್ಗಗಳ ಖಟಾಖಟಿಯಲ್ಲಿ ಅವಳ ಮಗ್ಗದ ಸದ್ದು ಹೊಸ್ತಿಲು ದಾಟಿ ಹೊರಗೆ ಕೇಳುತ್ತಿರಲಿಲ್ಲ.

ಗಿರಣಿ ಮೊದಲು ಒಂದು ಪಾಳಿಗೆ ಬಂತು, ಆಮೇಲೆ ನಿಂತೇ ಹೋಯಿತು. ಭೋಂಗಾ ನಿಂತ ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ. ಗಿರಣಿಯ ಮಾಲೀಕರಾದ ಮುಂಬೈನ ಕಂಪನಿಯವರು ಬೀಗ ಹಾಕಿದರೂ ಜಾಗ ಬಿಟ್ಟಿರಲಿಲ್ಲ, ವರ್ಷ ವರ್ಷ ಪಟ್ಟಿ ಕಟ್ಟುತ್ತಿದ್ದರು. ಜೀಪು ಹೋಗಿ ಮ್ಯಾನೇಜರ ಸಾಹೇಬರು ಬಾಡಿಗೆ ಆಟೋದಲ್ಲಿ ಬರತೊಡಗಿದರು. ಆದರೆ ತೆಂಗಿನಕಾಯಿ, ಫೇಡೆ ತಪ್ಪಲಿಲ್ಲ. ಅಪ್ಪ ಇಲ್ಲ, ಭೋಂಗಾ ಇಲ್ಲ, ಅವ್ವ ಮಾತ್ರ ಬೆಳಗ್ಗೆ ಅದೇ ಹೊತ್ತಿಗೆ ಸರಿಯಾಗಿ ಮಗ್ಗಕ್ಕೆ ಇಳಿಯುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ನನ್ನ ಮದುವೆ ಆಗಲಿಲ್ಲ. ಆ ಕಥೆ ಇಲ್ಲಿ ಬೇಡ.

ನಾಲ್ಕು ವರ್ಷದ ಹಿಂದೆ ಗಿರಣಿಯ ಇಡೀ ಆವರಣ ಮಾರಾಟವಾಯಿತು. ಕೊಂಡವರು ಯಾರೆಂದು ಊರಿಗೆ ಸರಿಯಾಗಿ ತಿಳಿಯಲಿಲ್ಲ. ಹೊರಗಿನ ದೊಡ್ಡ ಕಂಪನಿ, ದೊಡ್ಡ ಗೋದಾಮು ಕಟ್ಟಿಸುತ್ತಾರಂತೆ, ಐದುನೂರು ಮಂದಿಗೆ ಕೆಲಸವಂತೆ ಅಂತ ಹುನ್ನೂರಿನ ಸಂತೆಯಲ್ಲೂ ಸುದ್ದಿ. ಚಹಾದ ಅಂಗಡಿಯಲ್ಲಿ ಕೂತವರು ಆಗಲೇ ಯಾರ ಮಗನಿಗೆ ಯಾವ ಕೆಲಸ ಅಂತ ಹಂಚಿಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮೂರವರನ್ನು ಮೀರಿಸುವವರಿಲ್ಲ.

ಮ್ಯಾನೇಜರ ಸಾಹೇಬರು ಕೊನೆಯ ಸಲ ಪುರಸಭೆಗೆ ಬಂದಾಗ ಅವರ ಕೈಯಲ್ಲಿ ಕಾಯಿ ಇರಲಿಲ್ಲ. ಬಾಕಿ ಏನೂ ಇಲ್ಲ ಅನ್ನುವ ದಾಖಲೆ ಬೇಕಾಗಿತ್ತು. ಬರೆದು ಕೊಟ್ಟೆ. ಕಾಗದ ಮಡಿಚಿ ಕಿಸೆಯಲ್ಲಿಟ್ಟುಕೊಂಡರು.

"ಬಾಯಾರ, ಮುಂದಿನ ವರ್ಷದ ಬೋಣಿಗೆ ನನ್ನ ಹಾದಿ ನೋಡಬ್ಯಾಡ್ರಿ," ಅಂದರು.

ಹೊಸಬರು ಮೊದಲು ಮಾಡಿದ ಕೆಲಸ ಕೆಡವುವುದು. ಕಬ್ಬಿಣ ಹೇರಿಕೊಂಡು ಲಾರಿಗಳು ಹೋದವು. ಬೇವಿನ ಗಿಡಗಳು ಹೋದವು, ದಾಸವಾಳದ ತೋಟ ಹೋಯಿತು. ಚಿಮಣಿಯನ್ನು ಮೇಲಿನಿಂದ ಒಂದೊಂದೇ ಸುತ್ತು ಇಳಿಸಿದರು. ಅವ್ವ ದಿನಾ ಸಂಜೆ ಮಾಳಿಗೆ ಹತ್ತಿ, ಎಷ್ಟು ಉಳಿದಿದೆ ಅಂತ ನೋಡಿ ಇಳಿಯುತ್ತಿದ್ದಳು. ಒಂದು ದಿನ ಹತ್ತಲಿಲ್ಲ. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಗೋದಾಮೂ ಬರಲಿಲ್ಲ, ಏನೂ ಬರಲಿಲ್ಲ. ಸುತ್ತ ತಗಡಿನ ಬೇಲಿ ಹಾಕಿ ಹೋದರು. ನಮ್ಮ ಕಚೇರಿಯಲ್ಲಿ ಲೆಕ್ಕ ಬಂದಾಗ ಮುಖ್ಯಾಧಿಕಾರಿಗಳ ಮುಖ ಕಪ್ಪಾಯಿತು. ಪಟ್ಟಿ ಹಾಕುವುದು ಕಟ್ಟಡದ ಮೇಲೆ. ಕಟ್ಟಡವೇ ಇಲ್ಲದ ಮೇಲೆ ಅದು ಖಾಲಿ ಜಾಗ, ಖಾಲಿ ಜಾಗದ ಪಟ್ಟಿ ಒಂದು ಹಿಡಿ ಚುರುಮುರಿ. ಕಾಯಿದೆಯ ಪ್ರಕಾರ ಎಲ್ಲವೂ ಸರಿ, ಅದೇ ದೊಡ್ಡ ಸಿಟ್ಟು. ಕಳ್ಳತನ ಮಾಡಿದ್ದರೆ ಬೈಯಬಹುದಿತ್ತು.

ತಕ್ಕಡಿಯ ಒಂದು ಕಡೆಯ ಭಾರ ಹೋಯಿತು. ಕಸದ ಗಾಡಿ ದಿನ ಬಿಟ್ಟು ದಿನ ಬರತೊಡಗಿತು. ಸಭೆಯ ಮೇಲೆ ಸಭೆ ನಡೆದು ಕೊನೆಗೆ ಒಂದು ಠರಾವು ಆಯಿತು. ಊರಿನ ಎಲ್ಲ ಮನೆಗಳನ್ನು ಹೊಸದಾಗಿ ಅಳೆಯಬೇಕು, ಮಗ್ಗ ಇರುವ ಮನೆಗೆ ಅಂಗಡಿಗೆ ಹಾಕಿದ ಹಾಗೆ ಪಟ್ಟಿ ಹಾಕಬೇಕು. ಫಾರ್ಮಿನಲ್ಲಿ ಒಂದು ಖಾನೆ: ಮಗ್ಗ, ಹೌದು ಅಥವಾ ಇಲ್ಲ. ಕರೆಂಟಿನದೋ ಕೈಯದೋ, ಒಂದೋ ಹತ್ತೋ, ಕೇಳುವ ಖಾನೆ ಇರಲಿಲ್ಲ. ‘ಹೌದು’ ಬಿದ್ದರೆ ಪಟ್ಟಿ ಮೂರು ಪಟ್ಟು.

ನಮ್ಮ ಓಣಿಗೆ ಬುಧವಾರ ಅಳತೆ ಅಂತ ಗೊತ್ತಾಯಿತು. ಗೊತ್ತಾದದ್ದು ಕಚೇರಿಯಲ್ಲಿ ನನಗೊಬ್ಬಳಿಗೆ. ಮಗ್ಗಲ ಮನೆಯ ಚಿಗವ್ವನಿಗೆ ಹೇಳಿದವಳು ನಾನೇ. ಚಿಗವ್ವ ಅಂದರೆ ಸ್ವಂತ ಚಿಗವ್ವ ಅಲ್ಲ. ಗಂಡ ಹಾಸಿಗೆ ಹಿಡಿದ ಮೇಲೆ ಎರಡು ಕರೆಂಟಿನ ಮಗ್ಗ ಇಟ್ಟುಕೊಂಡು ಮನೆ ಸಾಗಿಸಿದ ಹೆಂಗಸು, ನಮ್ಮ ಅವ್ವನ ಗೆಳತಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳಿಗೆ ಒಂದು ಮಾತು ಹೇಳಿದರೆ ಓಣಿಗೆಲ್ಲ ಡಂಗುರ ಸಾರಿದಂತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಒಂದು ರೂಪಾಯಿ ಬಾಕಿ ಬಿಡದೆ ಊರವರಿಂದೆಲ್ಲ ಬೈಸಿಕೊಂಡವಳು ಅವತ್ತು ಹಾಗೆ ಮಾಡಿದೆ.

ಅವ್ವನಿಗೂ ಬೆಳಿಗ್ಗೆ ಹೇಳಿದೆ. "ಹನ್ನೊಂದಕ್ಕ ಬರ್ತೇವಬೇ. ಒಂದ ತಾಸ ಮಗ್ಗ ನಿಲ್ಲಿಸಿ ಕುಣಿ ಮ್ಯಾಲ ಹಲಗಿ ಹಾಕಿ ಹಾಸಿಗಿ ಹಾಸು."

ಅವ್ವ "ಹೂಂ" ಅಂದಳು. ನಾನು ಒಪ್ಪಿದಳು ಅಂದುಕೊಂಡೆ.

ಅಳತೆಗೆ ಬಂದ ಇಂಜಿನಿಯರ್ ತುಮಕೂರಿನ ಕಡೆಯವರು, ಸೌಮ್ಯ ಮನುಷ್ಯ. ಅವರು ಟೇಪಿನ ಒಂದು ತುದಿ ಹಿಡಿದರೆ ನಾನು ಇನ್ನೊಂದು ತುದಿ. ಓಣಿಯ ತಿರುವಿಗೆ ಬಂದಾಗ ನನ್ನ ಕಾಲು ನಿಂತುಬಿಟ್ಟವು. ಹುಟ್ಟಿದಾಗಿನಿಂದ ಹಗಲು ಹೊತ್ತು ಕಾರಣವಿಲ್ಲದೆ ಸುಮ್ಮನಾದದ್ದನ್ನು ಕಂಡಿರದ ಓಣಿ ಅದು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಅದು ಎಲ್ಲರಿಗೂ ಗೊತ್ತಿದ್ದದ್ದು. ಕರೆಂಟ್ ಹೋದರೆ ನಿಲ್ಲುತ್ತವೆ, ಅದೂ ಸರಿ. ಆದರೆ ಅಂಗಡಿಯ ಬಲ್ಬು ಉರಿಯುತ್ತಿದೆ, ಮಗ್ಗ ನಿಂತಿವೆ ಅಂದರೆ ನಮ್ಮಲ್ಲಿ ಒಂದೇ ಅರ್ಥ: ಓಣಿಯಲ್ಲಿ ಯಾರೋ ಸತ್ತಿದ್ದಾರೆ. ಮಣ್ಣು ಕೊಟ್ಟು ಬರುವ ತನಕ ಯಾರೂ ಲಾಳಿ ಮುಟ್ಟುವುದಿಲ್ಲ. ಈ ಪುಣ್ಯಾತ್ಮರು ಒಂದು ಮನೆಯವರು ನೇಯ್ದು ಇನ್ನೊಂದು ಮನೆಯವರು ಬಿಟ್ಟಿದ್ದರೆ ಆಗುತ್ತಿತ್ತು. ಎಲ್ಲರೂ ಒಮ್ಮೆಲೇ ನಿಲ್ಲಿಸಿ, ಬಾಗಿಲಲ್ಲಿ ಮುಖ ಸಣ್ಣ ಮಾಡಿ ನಿಂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದು ಇದಕ್ಕೇ.

"ತುಂಬಾ ಶಾಂತವಾದ ಬೀದಿ ಇದು," ಅಂದರು ಇಂಜಿನಿಯರ್.

ನನಗೆ ನಗು ಬಂತು, ಅಳುವೂ ಬಂತು. "ಹೌದ್ರಿ ಸರ" ಅಂದೆ.

ಚಿಗವ್ವನ ಮನೆಯಲ್ಲಿ ಎರಡು ಮಗ್ಗಗಳ ಮೇಲೆ ಓಣಿಯ ಅಷ್ಟೂ ಕೌದಿಗಳು ಬಿದ್ದಿದ್ದವು. ಅವುಗಳ ಮುಂದೆ ಜೋಳದ ಚೀಲಗಳು, ಚೀಲಗಳ ಮುಂದೆ ಚಿಗವ್ವ. ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿ ನರಳುತ್ತಿದ್ದಾಳೆ. ಮಗ್ಗದ ಎಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿದೆ, ಅವಳ ಕೂದಲ ತುಂಬ ನೂಲಿನ ಧೂಳು.

"ಅಲ್ಲಿ ಗುಡ್ಡೆ ಹಾಕಿರೋದು ಏನಮ್ಮ?" ಇಂಜಿನಿಯರ್ ಕೇಳಿದರು.

"ಹಾಸಿಗಿರಿ ಯಪ್ಪಾ. ಒಳಗ ಬರಬ್ಯಾಡ್ರಿ, ಜ್ವರ ಐತಿ. ಮನ್ಯಾಗ ಎಲ್ಲಾರಿಗೂ ಹತ್ತೈತಿ."

ಅವರು ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲಲ್ಲೇ ನಿಂತು ಅಳತೆ ಮುಗಿಸಿದರು. ಮಗ್ಗ ಅನ್ನುವ ಖಾನೆಯಲ್ಲಿ ‘ಇಲ್ಲ’ ಅಂತ ಬರೆದರು.

ಹೊರಗೆ ಬಂದೆವು. ಎಳೆ ಹರಿದು ಅಷ್ಟು ಹೊತ್ತು ನಿಂತಿತ್ತೋ ಏನೋ, ಆಗ ಕೇಳಿಸಿತು. ಟಕ್, ಟಕ್, ಟಕ್. ಎಷ್ಟೋ ವರ್ಷಗಳಿಂದ ಬೀದಿಗೆ ಕೇಳಿಸದಿದ್ದ ನಮ್ಮ ಅವ್ವನ ಮಗ್ಗ, ಉಳಿದವೆಲ್ಲ ಬಾಯಿ ಮುಚ್ಚಿದ್ದರಿಂದ, ಇಡೀ ಓಣಿಗೆ ಕೇಳಿಸುತ್ತಿತ್ತು. ಮುದುಕಿಗೆ ಬೆಳಿಗ್ಗೆ ಅಷ್ಟು ಹೇಳಿ ಬಂದಿದ್ದೆ.

ಒಳಗೆ ಹೋದರೆ ಅವ್ವ ತಲೆಯೆತ್ತಿ ನೋಡಿ, ಲಾಳಿ ಒಗೆಯುತ್ತಲೇ ಮಾತಾಡಿಸಿದಳು. "ಬರ್ರಿ ಸಾಹೇಬ್ರ, ಕುಂದರ್ರಿ. ಚಾ ಮಾಡ್ತಾಳ ನನ್ನ ಮಗಳು. ನಿಮ್ಮ ಜೋಡಿ ಬಂದಾಳಲ್ಲ, ಆಕಿನ ನನ್ನ ಮಗಳು."

ಇಂಜಿನಿಯರ್ ನನ್ನ ಮುಖ ನೋಡಿದರು. ನಾನು ಟೇಪಿನ ಮುಖ ನೋಡಿದೆ. ಅವರು ಫಾರ್ಮು ತೆಗೆದು ‘ಹೌದು’ ಅಂತ ಬರೆದರು. ಆಮೇಲೆ ಪೆನ್ನು ಹಾಗೇ ಹಿಡಿದುಕೊಂಡು ಕೇಳಿದರು: "ಈ ಬೀದೀಲಿ ಮಗ್ಗ ಇರೋದು ಇದೊಂದೇ ಮನೇನಾ?"

ಕಿಟಕಿಯಲ್ಲಿ, ಬಾಗಿಲಲ್ಲಿ ಓಣಿಯ ಮುಖಗಳು. ಚಿಗವ್ವನೂ ಜ್ವರ ಬಿಟ್ಟು ಎದ್ದು ಬಂದು ನಿಂತಿದ್ದಳು.

"ಹೌದ್ರಿ ಸರ. ಇದೊಂದ," ಅಂದೆ ನಾನು.

ಅವರು ಹೋದ ಮೇಲೆ ಅವ್ವನ ಮೇಲೆ ಹರಿಹಾಯ್ದೆ. ಒಂದು ತಾಸು ನಿಲ್ಲಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಕೇಳಿದೆ.

"ಯಾರ ಸತ್ತಾರಂತ ನಿಲ್ಲಸಲಿ?" ಅಂದಳು ಅವ್ವ. "ನಿಮ್ಮಪ್ಪ ಹ್ವಾದಾಗ ನಿಲ್ಲಿಸಿದ್ದೆ. ಆವಾಗ ಖರೆ ಸಾವು ಇತ್ತು. ಪುರಸಭೆಯವರ ಬಂದಾರಂತ ಓಣಿಗಿ ಓಣಿನ ಸತ್ತಂಗ ಮಾಡಿದ್ರಲ್ಲ, ನಾಚಿಕಿ ಬರಲಿಲ್ಲ ನಿಮಗ?"

ಅದು ಅಲ್ಲಿಗೇ ಮುಗಿದಿದ್ದರೆ ಛಲೋ ಇತ್ತು. ಮರುದಿನ ನಳದ ಹತ್ತಿರ ಹತ್ತು ಜನರ ಮುಂದೆ ಅವ್ವ ಚಿಗವ್ವನನ್ನು ಕೇಳಿದಳು: "ಜ್ವರ ಇಳೀತೇನ? ಎರಡು ಮಗ್ಗಕ್ಕೂ ಇಳೀತೋ, ಒಂದಕ್ಕ ಇನ್ನೂ ಐತೋ?"

ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೇಳಿದಳು: "ಖರೆ ಹೇಳಾಕ ನಿನಗ ಮಗಳ ಪಗಾರ ಐತಿ ಯಕ್ಕಾ. ನನಗೇನೈತಿ?"

ಅವ್ವ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದಳು. ಅವತ್ತು ಊಟ ಮಾಡಲಿಲ್ಲ. ನಾನು, "ಪಟ್ಟಿ ನಾ ಕಟ್ಟತೀನಿ ತಗೋ, ಯಾಕ ತಲಿ ಕೆಡಿಸ್ಕೋತಿ" ಅಂದದ್ದಕ್ಕೆ ಕೆರಳಿಬಿಟ್ಟಳು.

"ನಿನ್ನ ಪಗಾರದಾಗಿಂದ ಒಂದ ರೂಪಾಯಿ ಹಾಕಿದ್ರ ಆಕಿ ಮಾತ ಖರೆ ಆಕ್ಕೈತಿ. ಮಗ್ಗದ ಪಟ್ಟಿ ಮಗ್ಗನ ದುಡದ ಕಟ್ಟಬೇಕು. ಕಟ್ಟಾಕ ಆಗಲಿಲ್ಲಂದ್ರ ನಾನ ಮಗ್ಗ ಬಿಚ್ಚತೀನಿ, ಕುಣಿ ಮುಚ್ಚಿಸಿಬಿಡು."

ಆಡಿದ ಮಾತು ತಪ್ಪುವವಳಲ್ಲ ನಮ್ಮ ಅವ್ವ. ಹೊಸ ಪಟ್ಟಿ ಅಂದರೆ ಅವಳಿಗೆ ನಾಲ್ಕು ಸೀರೆಯ ಮಜೂರಿ. ಎಪ್ಪತ್ತು ದಾಟಿದವಳು, ಒಂದು ಕಣ್ಣಿಗೆ ಪೊರೆ ಬಂದಿತ್ತು, ಒಂದು ಸೀರೆಗೆ ಎಂಟು ಹತ್ತು ದಿನ ಬೇಕು. ಏಪ್ರಿಲ್ಲಿಗೆ ಒಂದೂವರೆ ತಿಂಗಳು ಇತ್ತು. ಮಗ್ಗ ಉಳಿಯಬೇಕಾದರೆ ಅಷ್ಟರಲ್ಲಿ ನಾಲ್ಕು ಸೀರೆ ಇಳಿಯಬೇಕು. ನಾನು ಕಚೇರಿಯಿಂದ ಬಂದು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ಅದಕ್ಕೂ ಮೊದಲು ಬೇಡ ಅಂದಳು, ಆಮೇಲೆ, "ಸಣ್ಣಾಕಿದ್ದಾಗ ಸುತ್ತತಿದ್ದಿ, ಸುತ್ತು" ಅಂದಳು. ಬೇಸಿಗೆಯ ಆ ಸಂಜೆಗಳು ನನಗೆ ಈಗ ಎಲ್ಲಿ ಸಿಗಬೇಕು? ಅವಳು ನೇಯುತ್ತ ಅಪ್ಪನ ಮಾತು ತೆಗೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಭೋಂಗಾ ಎರಡು ಸಲ ಊದಿ ಮ್ಯಾನೇಜರರಿಂದ ಬೈಸಿಕೊಂಡಿದ್ದನಂತೆ. "ಎರಡನೇದ್ದು ಯಾರಿಗಿ ಊದಿದ್ದ ಕೇಳು" ಅಂದು ನಾಚಿಕೊಂಡಳು. ಎಪ್ಪತ್ತು ದಾಟಿದವಳು ನಾಚಿದ್ದನ್ನು ನಾನು ಅವತ್ತೇ ನೋಡಿದ್ದು.

ಏಪ್ರಿಲ್ ಒಂದು ಬಂತು. ಪುಸ್ತಕಕ್ಕೆ ಕುಂಕುಮ ಹಚ್ಚಿ ಕೂತೆ. ಗಿಡದ ಕೆಳಗೆ ಜನ ಬಂದರು, ಕೂತರು, ಎಲೆ ಅಡಿಕೆ ಹಾಕಿದರು.

"ಗಿರಣಿದು ಆತೇನ್ರಿ?"

"ಗಿರಣಿ ಎಲ್ಲೈತ್ರಿ ಇನ್ನ? ನೀವ ಬರ್ರಿ."

"ಬೋಣಿ ಆಗಲಿ ತಡೀರಿ, ಬರತೇವಿ."

ಮಧ್ಯಾಹ್ನಕ್ಕೆ ಎದ್ದು ಹೋದರು. ಎರಡನೆಯ ದಿನ ಹಾಗೇ. ಮೂರನೆಯ ದಿನ ನಾನು ಕಿಟಕಿಯಲ್ಲಿ ತಲೆ ಹಾಕಿ ಎಲ್ಲರಿಗೂ ಕೇಳುವಂತೆ ಬೈದೆ. ಹೆಚ್ಚಳ ಆಗಲೇ ನಿಮ್ಮೆಲ್ಲರ ತಲೆಯ ಮೇಲೆ ಬಿದ್ದಾಗಿದೆ, ಇನ್ನು ಮುಂದೆ ಕಟ್ಟಿದರೇನು ಹಿಂದೆ ಕಟ್ಟಿದರೇನು ಅಂದೆ. ಅದಕ್ಕೆ, ಮೊದಲ ವರ್ಷ ‘ತಡೀ ತಂಗಿ’ ಅಂದಿದ್ದ ಆ ಹಿರಿಯರು, "ಖರೆ ಐತಿ ತಂಗಿ. ಅದರ ಮ್ಯಾಲ ಮತ್ತೊಂದ ಬೀಳಬಾರದಲ್ಲ" ಅಂದರು. ಇವರ ಜೊತೆ ಯಾರು ಏಗಬೇಕು? ಕಸ ಗುಡಿಸುವವರ ಪಗಾರ ತಡೆಯಿತು, ಅವರ ಹೆಂಗಸರು ಬಂದು ನನ್ನ ಕಿಟಕಿಯ ಕೆಳಗೇ ಕೂತರು.

ಏಳನೆಯ ದಿನ ಅವ್ವ ಬಂದಳು. ಅವತ್ತು ಬೆಳಿಗ್ಗೆ ನಾಲ್ಕನೆಯ ಸೀರೆ ಮಗ್ಗದಿಂದ ಇಳಿದಿತ್ತು. ಸಾವುಕಾರನ ಅಂಗಡಿಗೆ ಒಪ್ಪಿಸಿ, ಮಜೂರಿ ತೆಗೆದುಕೊಂಡು, ನೇರವಾಗಿ ಬಂದಿದ್ದಾಳೆ. ಕಾಲಲ್ಲಿ ಚಪ್ಪಲಿ ಇಲ್ಲ, ಕಂಕುಳಲ್ಲಿ ತೆಂಗಿನಕಾಯಿ, ಸೆರಗಿನಲ್ಲಿ ಬೆಲ್ಲದ ಅಚ್ಚು. ಗಿಡದ ಕೆಳಗಿನವರೆಲ್ಲ ನೋಡುತ್ತಿದ್ದಂತೆ ಕಿಟಕಿಗೆ ಬಂದು, ಎಲೆ ಅಡಿಕೆಯ ಸಂಚಿಯಿಂದ ನೋಟುಗಳನ್ನು ತೆಗೆದು ನನ್ನ ಮುಂದೆ ಇಟ್ಟಳು.

"ಬರಿ ನಮ್ಮನಿದು."

"ಯವ್ವಾ, ಬೋಣಿ ಆಗಿಲ್ಲಬೇ ಇನ್ನೂ," ಅಂದೆ. ಅಷ್ಟು ಜನರಿಗೆ ಬೈದವಳಿಗೆ ನನಗೂ ಹೆದರಿಕೆ ಇತ್ತು ಅಂತ ಆಗ ಗೊತ್ತಾಯಿತು.

"ಅದಕ್ಕ ಬಂದೇನಿ. ಬರಿ."

ಒಂದನೆಯ ನಂಬರಿನ ಪಾವತಿಯ ಮೇಲೆ ಪ್ರತಿ ವರ್ಷ ಗಿರಣಿಯ ಹೆಸರು ಬರೆದು ಕೈಗೆ ರೂಢಿಯಾಗಿತ್ತು. ಅವತ್ತು ಅವ್ವನ ಹೆಸರು ಬರೆದೆ. ಅವಳಿಗೆ ಓದಲು ಬರುವುದಿಲ್ಲ. ಪಾವತಿಯನ್ನು ಕಣ್ಣಿಗೊತ್ತಿಕೊಂಡು, ಹೊಸ್ತಿಲಲ್ಲಿ ಕಾಯಿ ಒಡೆದು, ಗಿಡದ ಕೆಳಗಿನ ಗಂಡಸರಿಗೆ ಬೆಲ್ಲ ಹಂಚಿದಳು. "ಏಳ್ರಿ ಇನ್ನ. ಏನಾದ್ರೂ ಬಿದ್ರ ನನ್ನ ತಲಿ ಮ್ಯಾಲ ಬೀಳ್ತೈತಿ" ಅಂದಳು. ಅವರು ಎದ್ದರು, ಸಾಲು ಹಿಡಿದರು.

ಮೂರು ವರ್ಷ ಅವ್ವನೇ ಬೋಣಿ ಮಾಡಿದಳು. ಅವಳ ತಲೆಯ ಮೇಲೆ ಏನೂ ಬೀಳಲಿಲ್ಲ. ಚಿಗವ್ವ ಮಾತ್ರ ಮಾತು ಬಿಟ್ಟವಳು ಬಿಟ್ಟೇ ಇದ್ದಳು. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸಿದರೆ ಬುಟ್ಟಿ ತುಂಬಿದ್ದು ತುಂಬಿದಂತೆ ಮರಳಿ ಬರುತ್ತಿತ್ತು. ಅವ್ವ ಒಂದೆರಡು ಸಲ, "ನಳದ ಮುಂದ ಆ ಮಾತ ಆಡಬಾರದಿತ್ತ ನಾನು" ಅಂದಳು. ಹೋಗಿ ಹೇಳು ಅಂದರೆ, "ಆಕಿ ಬರಲಿ" ಅಂದಳು. ಇಬ್ಬರೂ ಹಟಮಾರಿಗಳು.

ಹೋದ ಮಾಗಿಯಲ್ಲಿ ಒಂದು ದಿನ ನಾನು ವಸೂಲಿಗೆ ಹೋದವಳು ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟೆ. ಓಣಿಯ ತಿರುವಿಗೆ ಬಂದೆ. ಮಗ್ಗದ ಸದ್ದಿರಲಿಲ್ಲ. ಕರೆಂಟ್ ಹೋಗಿದೆ ಅಂದುಕೊಂಡು ಎರಡು ಹೆಜ್ಜೆ ಇಟ್ಟೆ. ಅಂಗಡಿಯ ಬಲ್ಬು ಉರಿಯುತ್ತಿತ್ತು.

ಅಲ್ಲಿಂದ ಮನೆಯ ತನಕ ಹೇಗೆ ಹೋದೆ ನೆನಪಿಲ್ಲ. ಅವ್ವ ಮಗ್ಗದಲ್ಲೇ ಗೋಡೆಗೆ ಒರಗಿದ್ದಳು. ಕಾಲು ಕುಣಿಯಲ್ಲೇ ಇದ್ದವು. ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದವಳು ಚಿಗವ್ವ.

ಮಣ್ಣಿಗೆ ಹೋಗಿ ಬಂದ ಮೇಲೆ ಚಿಗವ್ವ ಹೇಳಿದಳು. ಮೂರು ವರ್ಷ ಮಾತಾಡದಿದ್ದರೂ ಅವಳು ದಿನಾ ಆ ನಡುಗೋಡೆಗೆ ಬೆನ್ನು ಕೊಟ್ಟು ಕೂತೇ ಕಂಡಿಕೆ ಸುತ್ತುತ್ತಿದ್ದಳಂತೆ. ನೇಯುವಾಗ ಅವ್ವ ಮಗ್ಗದ ಹಲಿಗೆ ಬಡಿದ ಏಟು ಗೋಡೆಯಿಂದ ಬೆನ್ನಿಗೆ ತಿಳಿಯುತ್ತಿತ್ತಂತೆ. "ಅವತ್ತ ಬೆನ್ನಿಗಿ ಏನೂ ಹತ್ತಲಿಲ್ಲ. ನೀರ ಕುಡಿಯಾಕ ಎದ್ದಾಳು ಅಂದ್ಕೊಂಡೆ. ಭಾಳ ಹೊತ್ತಾತು. ನಮ್ಮ ಮಗ್ಗ ಬಂದ್ ಮಾಡಿ ಓಡಿ ಬಂದೆ." ಅವಳು ನಿಲ್ಲಿಸಿದ್ದು ನೋಡಿ ಓಣಿ ನಿಲ್ಲಿಸಿತ್ತು.

ಈ ವರ್ಷ ಮಾರ್ಚ್ ಕೊನೆಗೆ ಕಚೇರಿಯಲ್ಲಿ ಹೊಸ ವರ್ಷದ ಯಾದಿ ತಯಾರಿಸುವಾಗ ನಮ್ಮ ಮನೆಯ ಫಾರ್ಮು ಕೈಗೆ ಬಂತು. ನೇಯುವವಳು ಇಲ್ಲ, ಮಗ್ಗ ನಿಂತಿದೆ. ನನಗೆ ಲಾಳಿ ಹಿಡಿಯಲು ಬರುವುದಿಲ್ಲ, ಕಲಿಸು ಅಂತ ನಾನು ಕೇಳಲಿಲ್ಲ. ಆ ಸಂಕಟ ನನಗೆ ಸಾಯುವ ತನಕ ಇರುತ್ತದೆ. ನಡೆಯದ ಮಗ್ಗಕ್ಕೆ ಪಟ್ಟಿ ಇಲ್ಲ, ನಿಯಮದ ಪ್ರಕಾರ ‘ಹೌದು’ ಹೊಡೆದುಹಾಕಿ ‘ಇಲ್ಲ’ ಅಂತ ಬರೆಯಬೇಕು. ಬರೆದೆ. ಬರೆದು, ಮುಖ ತೊಳೆದುಕೊಂಡು ಬಂದು ಕೂತೆ.

ಏಪ್ರಿಲ್ ಒಂದಕ್ಕೆ ಪುಸ್ತಕಕ್ಕೆ ಕುಂಕುಮ ಹಚ್ಚಿದೆ. ಗಿಡದ ಕೆಳಗೆ ಜನ ಕೂತರು. ನಾನೇ ನಮ್ಮ ಮನೆಯ ಪಟ್ಟಿ ಕಟ್ಟಿ ಬೋಣಿ ಮಾಡೋಣ ಅಂತ ಪರ್ಸಿಗೆ ಕೈ ಹಾಕಿದ್ದೆ. ಕಿಟಕಿಯಲ್ಲಿ ಬಳೆಯ ಸದ್ದಾಯಿತು. ಚಿಗವ್ವ. ಕಂಕುಳಲ್ಲಿ ತೆಂಗಿನಕಾಯಿ, ಸೆರಗಿನಲ್ಲಿ ಬೆಲ್ಲ.

"ನಮ್ಮನಿ ಫಾರ್ಮ ತಗಿ," ಅಂದಳು. "ಮಗ್ಗ ಐತಿ ಅಂತ ಬರಿ."

"ಚಿಗವ್ವಾ, ಯಾರೂ ಕೇಳಿಲ್ಲಬೇ. ಸುಮ್ನ ಮೂರ ಪಟ್ಟ ಆಕ್ಕೈತಿ ನಿನಗ."

"ಗೊತ್ತೈತಿ." ಅವಳು ನೋಟುಗಳನ್ನು ಎಣಿಸಿಕೊಂಡೇ ಬಂದಿದ್ದಳು. "ನಿಮ್ಮವ್ವನ ಮಗ್ಗ ಹೊಡದಿಯಂತಲ್ಲ ಫಾರ್ಮಿನ್ಯಾಗ?"

"ಹೂಂ."

"ಹಂಗಾರ ನಿಮ್ಮ ದಫ್ತರದಾಗ ನಮ್ಮ ಓಣ್ಯಾಗ ಈಗ ಒಂದೂ ಮಗ್ಗ ಇಲ್ಲ. ಎಲ್ಲಾ ಬಂದ್." ಚಿಗವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ಆಕಿ ಒಬ್ಬಾಕಿ ಸತ್ತಾಳ ಮಗಳ. ನಾವೆಲ್ಲಾ ಇನ್ನೂ ಅದೇವಿ. ಬರಿ."

ನಾನು ಅವಳ ಫಾರ್ಮು ಹುಡುಕಿ ತೆಗೆದೆ. ಕಣ್ಣು ಮಂಜಾಗಿ ಖಾನೆ ಕಾಣಲಿಲ್ಲ. ಚಿಗವ್ವ ಕಿಟಕಿಯೊಳಗೆ ಕೈ ಹಾಕಿ, ಬರೆಯಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದಳು. ಅವಳಿಗೂ ಓದಲು ಬರುವುದಿಲ್ಲ, ತೋರಿಸಿದ್ದು ಬೇರೆ ಖಾನೆಯನ್ನು. ಕಣ್ಣು ಒರೆಸಿಕೊಂಡು ಸರಿಯಾದ ಖಾನೆಯಲ್ಲಿ ‘ಹೌದು’ ಅಂತ ಬರೆದು, ಒಂದನೆಯ ನಂಬರಿನ ಪಾವತಿ ಹರಿದು ಅವಳ ಕೈಗೆ ಕೊಟ್ಟೆ.